ಹರಕೆಯ ಚರ್ಚು, ಮೂರು ಯುಗಾದಿ

ಪ್ಯಾಕಿಂಗ್ ಟೇಪು ಎಳೆದಾಗ ಕರ್ರೆಂದು ಬರುವ ಸದ್ದು ನಿಮ್ಮಲ್ಲಿ ಎಷ್ಟು ಜನರಿಗೆ ಇಷ್ಟವೋ ನಾನರಿಯೆ. ನನಗಂತೂ ಇಷ್ಟ. ಆ ಸದ್ದಿನಲ್ಲಿ ಹೊಸ ಊರಿದೆ, ಹೊಸ ಬೀಗದಕೈ ಇದೆ, ಇನ್ನೂ ಯಾರೂ ಮೊಳೆ ಹೊಡೆಯದ ಗೋಡೆ ಇದೆ. ನನ್ನ ಹೆಂಡತಿ ಸುಧಾಳಿಗೆ ಮಾತ್ರ ಅದನ್ನು ಕೇಳಿದರೆ ತಲೆನೋವು ಬರುತ್ತದೆ. ಆದ್ದರಿಂದ 2019ರ ಜನವರಿಯ ಒಂದು ಭಾನುವಾರ, ಅವಳು ಸ್ಟಾಫರ್ಡ್‌ನ ಇಂಡಿಯನ್ ಅಂಗಡಿಗೆ ತರಕಾರಿ ತರಲು ಹೋದ ಸಮಯ ನೋಡಿ ನಾನು ಗರಾಜಿನಲ್ಲಿ ಟೇಪು ಹುಡುಕುತ್ತಿದ್ದೆ. ಡಲ್ಲಾಸ್‌ನ ಒಂದು ಕಂಪನಿಯಿಂದ ಕೆಲಸದ ಆಫರ್ ಬಂದು ಎರಡು ದಿನವಾಗಿತ್ತು. ನಾನಿನ್ನೂ ಒಪ್ಪಿರಲಿಲ್ಲ, ಸುಧಾಳಿಗೆ ಹೇಳಿಯೂ ಇರಲಿಲ್ಲ. ಆದರೂ ಮನೆಯಲ್ಲಿ ಟೇಪು ಇದೆಯೋ ಇಲ್ಲವೋ ನೋಡಿಟ್ಟುಕೊಳ್ಳುವುದರಲ್ಲಿ ತಪ್ಪೇನಿದೆ ಹೇಳಿ?

ಟೇಪು ಸಿಗಲಿಲ್ಲ. ಮೂರು ಮನೆಗಳಿಂದ ಬಿಚ್ಚದೆಯೇ ಹೊತ್ತು ತಂದಿದ್ದ ಒಂದು ರಟ್ಟಿನ ಡಬ್ಬದಲ್ಲಿ ವಿಯೆನ್ನಾ ನಗರದ ನಕ್ಷೆ ಸಿಕ್ಕಿತು. ಮಡಿಕೆಗಳಲ್ಲಿ ಹರಿದಿತ್ತು. ಅದರ ತುಂಬ ಕೆಂಪು ಪೆನ್ನಿನಲ್ಲಿ ನಾನೇ ಹಾಕಿದ್ದ ಸುತ್ತುಗಳು, ಒಟ್ಟು ಹದಿನಾಲ್ಕು. ಒಂದೊಂದು ಸುತ್ತೂ ಒಂದೊಂದು ಚರ್ಚು. ಹದಿನಾಲ್ಕು ಚರ್ಚುಗಳನ್ನು ಮೂರು ದಿನಗಳಲ್ಲಿ ಮುಗಿಸಿದ್ದೆ ಎಂದು ಆಗ ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಂಡಿದ್ದೆ. ಊಟ ಮುಗಿಸಿದೆ, ಫೈಲು ಮುಗಿಸಿದೆ ಎನ್ನುವ ಹಾಗೆ ಚರ್ಚು ಮುಗಿಸಿದೆ ಎನ್ನುವ ಮನುಷ್ಯ ನಾನು. ಟೇಪು ಮರೆತು ಅಲ್ಲೇ ಡಬ್ಬದ ಮೇಲೆ ಕುಳಿತೆ.

ನನ್ನ ಕಾಲಿನಲ್ಲಿ ಚಕ್ರವಿದೆಯೆಂದು ಮೊದಲು ಕಂಡುಹಿಡಿದವಳು ನಮ್ಮಮ್ಮ. ಮೈಸೂರಿನ ದೊಡ್ಡ ಚರ್ಚಿನ ಜೋಡಿ ಗೋಪುರಗಳು ನಮ್ಮ ಮನೆಯ ಮಹಡಿ ಮೆಟ್ಟಿಲಿನಿಂದ ಕಾಣುತ್ತಿದ್ದವು. ಮಂಗಳವಾರ ದೇವಿಯ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವಷ್ಟೇ ಸಹಜವಾಗಿ ಅಮ್ಮ ನನ್ನ ಪರೀಕ್ಷೆಯ ಕಾಲದಲ್ಲಿ ಆ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚುತ್ತಿದ್ದಳು. “ಮಕ್ಕಳ ಚಿಂತೆ ಆ ತಾಯಿಗೂ ಗೊತ್ತು ಕಣೋ” ಎನ್ನುವುದು ಅವಳ ಸಮಜಾಯಿಷಿ. ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಓಡಿಹೋಗದಂತೆ ಸೆರಗಿನ ತುದಿಯನ್ನು ನನ್ನ ಮುಂಗೈಗೆ ಗಂಟು ಹಾಕಿ ಕಣ್ಣು ಮುಚ್ಚುತ್ತಿದ್ದಳು. ಒಂದು ಸಲ ನಾನು ಆ ಗಂಟು ಬಿಚ್ಚಿ, ಬೆಂಚಿನ ಕಾಲಿಗೆ ಬಿಗಿದು, ನೆಲಮಾಳಿಗೆಯ ಮೆಟ್ಟಿಲು ಇಳಿದಿದ್ದೆ. ಪ್ರಾರ್ಥನೆ ಮುಗಿಸಿ ಅಮ್ಮ ಎದ್ದಳು, ಬೆಂಚು ಏಳಲಿಲ್ಲ, ಸೆರಗು ಹರಿಯಿತು. ದಾರಿಯುದ್ದಕ್ಕೂ ಬೈಸಿಕೊಂಡೆ. ಆಮೇಲೆ ಬಂದವರಿಗೆಲ್ಲ ಅಮ್ಮ ಹೇಳುತ್ತಿದ್ದಳು, “ಇವನು ಹೊಟ್ಟೇಲಿದ್ದಾಗ ನಾನು ಯಾವಾಗಲೂ ನಂಜನಗೂಡು ಬಸ್ಸಲ್ಲೇ ಇರ್ತಿದ್ದೆ. ಅದಕ್ಕೇ ಹೀಗೆ.”

ಹುಟ್ಟುಗುಣ ಸುಟ್ಟರೂ ಹೋಗದು. ಅಮೆರಿಕದ ಟೆಕ್ಸಸ್‌ಗೆ ಬಂದ ಮೇಲಂತೂ ಚಕ್ರಕ್ಕೆ ಎಣ್ಣೆ ಬಿಟ್ಟ ಹಾಗಾಯಿತು. ಪೈಪುಗಳಲ್ಲಿ ಎಣ್ಣೆ ಎಲ್ಲೂ ನಿಲ್ಲದೆ ಹರಿಯುವಂತೆ ನೋಡಿಕೊಳ್ಳುವ ಸಾಫ್ಟ್‌ವೇರ್ ನನ್ನ ಹೊಟ್ಟೆಪಾಡು. ಅದಕ್ಕೆ ತಕ್ಕ ಮನುಷ್ಯನೇ ಸಿಕ್ಕಿದ್ದಾನೆ ಎಂದು ಸುಧಾ ಹೇಳುತ್ತಾಳೆ. ಡಲ್ಲಾಸ್ ಬದಿಯಲ್ಲಿ ಎರಡು ಮನೆ, ಆಸ್ಟಿನ್ನಿನಲ್ಲಿ ಎರಡು, ಹ್ಯೂಸ್ಟನ್ನಿಗೆ ಬಂದ ಮೇಲೆ ಕ್ಲಿಯರ್ ಲೇಕ್, ಸ್ಟಾಫರ್ಡ್, ಈಗ ಫುಲ್‌ಶೀರ್. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸಿದ ಹಾಗೆ ನಾನು ಹೆಂಡತಿಯನ್ನೂ ಮಗಳು ಅನಘಳನ್ನೂ ತಿರುಗಿಸಿದ್ದೆ. ಪ್ರತಿ ಸಲವೂ ನನ್ನಲ್ಲಿ ಒಳ್ಳೆಯ ಕಾರಣವಿರುತ್ತಿತ್ತು. ಒಂದು ಮನೆಗೆ ಬಿಸಿಲು ಹೆಚ್ಚು, ಒಂದಕ್ಕೆ ಕಡಿಮೆ. ಒಂದು ಕಡೆ ಬಾಸ್ ಸರಿಯಿಲ್ಲ, ಇನ್ನೊಂದು ಕಡೆ ಬಾಸ್ ತೀರಾ ಒಳ್ಳೆಯವನು, ಕಲಿಯುವುದಕ್ಕೆ ಏನೂ ಉಳಿದಿಲ್ಲ. ಯಾವ ಮನೆಯ ಬಾಗಿಲಿಗೂ ನಾನು ಮೂರನೆಯ ಯುಗಾದಿಯ ತೋರಣ ಕಟ್ಟಿದವನಲ್ಲ. ಕರಿಬೇವಿನ ಗಿಡ ಮೊಣಕಾಲೆತ್ತರ ಬರುವಷ್ಟರಲ್ಲಿ ಅದನ್ನು ಯಾರಾದರೊಬ್ಬ ಆಂಟಿಗೆ ಕೊಟ್ಟು ಹೊರಡುವುದು ಸುಧಾಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ವಿಯೆನ್ನಾಕ್ಕೆ ಹೋದದ್ದು 2013ರ ಬೇಸಿಗೆಯಲ್ಲಿ. ಆಗ ನಾವು ಆಸ್ಟಿನ್ನಿನಲ್ಲಿದ್ದೆವು, ಅನಘಳಿಗೆ ಹನ್ನೆರಡು ವರ್ಷ. ಮೈಸೂರಿಗೆ ಹೋಗುವ ದಾರಿಯಲ್ಲಿ ಮೂರು ದಿನ ಇಳಿದುಕೊಂಡೆವು. ಚರ್ಚುಗಳನ್ನು ನೋಡಬೇಕೆಂದವಳು ಸುಧಾ. ಅವಳಿಗೆ ಕಟ್ಟಡಗಳ ಹುಚ್ಚು, ಕಂಬ ಕಂಡರೆ ಮುಟ್ಟಿ ನೋಡುವ ಜಾತಿ. ಪಟ್ಟಿ ಮಾಡಿ, ಕೆಂಪು ಸುತ್ತು ಹಾಕಿ, ಒಂದೊಂದಕ್ಕೂ ಇಪ್ಪತ್ತೈದು ನಿಮಿಷವೆಂದು ಗೊತ್ತು ಮಾಡಿ ಅವಳ ಆಸೆಯನ್ನು ಕೆಡಿಸಿದವನು ನಾನು.

ಊರ ನಡುವಿನ ದೊಡ್ಡ ಕಥೀಡ್ರಲ್‌ನ ಮಾಡಿಗೆ ಬಣ್ಣಬಣ್ಣದ ಹೆಂಚು ಹೊದೆಸಿದ್ದಾರೆ. ಹಸಿರು, ಹಳದಿ, ಕಪ್ಪು, ಬಿಳಿ ಹೆಂಚುಗಳು ಅಂಕುಡೊಂಕಾಗಿ ಹೋಗುವುದನ್ನು ನೋಡಿ ಸುಧಾ, “ನಮ್ಮಜ್ಜಿ ಹೊಲೀತಿದ್ದ ಕೌದಿ ಥರಾನೇ ಇದೆ ಕಣ್ರೀ” ಎಂದು ಕತ್ತು ನೋಯುವವರೆಗೂ ಮೇಲೆ ನೋಡಿದಳು. ನನಗೆ ಹಿಡಿಸಿದ್ದು ಬೇರೆ. ಆ ಚರ್ಚಿಗೆ ದಕ್ಷಿಣದಲ್ಲಿ ಮುಗಿಲಿಗೆ ತಾಗುವ ಗೋಪುರವಿದೆ. ಉತ್ತರದ ಗೋಪುರವನ್ನು ಅರ್ಧಕ್ಕೆ ಕಟ್ಟಿ, ಸಾಕಪ್ಪ ಎಂದು ಮೇಲೊಂದು ಟೋಪಿ ಇಟ್ಟು ಬಿಟ್ಟುಬಿಟ್ಟಿದ್ದಾರೆ. ಐನೂರು ವರ್ಷದ ಹಿಂದೆಯೂ ನನ್ನಂಥ ಮೇಸ್ತ್ರಿ ಒಬ್ಬನಿದ್ದ ಎಂದು ತಿಳಿದು ಬಹಳ ಸಮಾಧಾನವಾಯಿತು.

ಇನ್ನೊಂದು ಚರ್ಚಿನ ಮುಂದೆ ನಮ್ಮ ಗುಡಿಯ ಗರುಡಗಂಬದ ಹಾಗೆ ಎರಡು ಭಾರಿ ಕಂಬಗಳು, ಅವುಗಳ ಮೈಗೆ ಬಳ್ಳಿಯಂತೆ ಸುತ್ತಿಕೊಂಡು ಮೇಲೇರುವ ಕೆತ್ತನೆ. ಒಳಗೆ ಗುಮ್ಮಟದವರೆಗೆ ಹೋಗಲು ಲಿಫ್ಟ್ ಇಟ್ಟಿದ್ದರು. ಮೇಲೆ ಹೋಗಿ ನೋಡಿದರೆ ಕೆಳಗಿನಿಂದ ಸುಕುಮಾರವಾಗಿ ಕಾಣುತ್ತಿದ್ದ ದೇವದೂತನ ಪಾದ ನಮ್ಮೂರ ಪೈಲ್ವಾನನ ಪಾದದಷ್ಟಿತ್ತು, ಬಣ್ಣವೋ ಪೊರಕೆಯಲ್ಲಿ ಬಳಿದಂತಿತ್ತು. “ಕೆಲವರನ್ನ ದೂರದಿಂದ ನೋಡಿದ್ರೇ ಚೆನ್ನ” ಎಂದಳು ಸುಧಾ. ಅವಳು ನೋಡುತ್ತಿದ್ದದ್ದು ಪಾದವನ್ನೋ ನನ್ನನ್ನೋ ತಿಳಿಯಲಿಲ್ಲ.

ಎರಡನೆಯ ದಿನ ನೋಡಿದ ಒಂದು ಚರ್ಚಿನಲ್ಲಿ ಗುಮ್ಮಟವೇ ಇಲ್ಲ. ಕಮಾನಿನ ಮಾಡಿನ ಮೇಲೆ ಗುಮ್ಮಟವಿದೆಯೆಂದು ಭ್ರಮೆಯಾಗುವಂತೆ ಚಿತ್ರ ಬರೆದಿದ್ದಾರೆ, ಅಷ್ಟೇ. ನೆಲದಲ್ಲಿ ಗುರುತು ಮಾಡಿದ ಒಂದು ಕಲ್ಲಿನ ಮೇಲೆ ನಿಂತು ನೋಡಿದರೆ ಗುಮ್ಮಟ ಎದ್ದು ನಿಲ್ಲುತ್ತದೆ, ಬೆಳಕು ಇಳಿದು ಬರುತ್ತದೆ. ಅಲ್ಲಿಂದ ಹತ್ತು ಹೆಜ್ಜೆ ಸರಿದರೆ ಎಲ್ಲ ವಾಲಿಕೊಂಡು ಬೀಳುತ್ತದೆ. ಸುಧಾ ಆ ಕಲ್ಲಿನ ಮೇಲೆ ನಿಂತವಳು ಅಲ್ಲಾಡಲಿಲ್ಲ. ನಾನು ಫೋಟೋ ತೆಗೆದುಕೊಂಡು, ನಾಲ್ಕು ಸುತ್ತು ಹಾಕಿ, ಗಡಿಯಾರ ನೋಡಿ, “ಬಾರೇ, ಇನ್ನೂ ಮೂರಿವೆ” ಎಂದೆ. “ನಿಮಗೆ ಗುಮ್ಮಟ ಕಾಣಿಸ್ತಾ?” ಎಂದು ಕೇಳಿದಳು. ಕಾಣಿಸಿತು ಎಂದೆ. ನಿಜವಾಗಿ ನೋಡಿರಲಿಲ್ಲ. ಆ ಸುಳ್ಳನ್ನು ಇವತ್ತು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಕೊನೆಯ ದಿನ ಹೋದದ್ದು ಜೋಡಿ ಗೋಪುರದ ಚರ್ಚಿಗೆ. ಟ್ರಾಮಿನಿಂದ ಇಳಿದು ತಲೆ ಎತ್ತಿದ್ದೇ ತಡ, ನನಗೂ ಸುಧಾಳಿಗೂ ಒಂದೇ ಸಲಕ್ಕೆ “ಅರೆ, ಮೈಸೂರು!” ಎಂದು ಬಾಯಿಗೆ ಬಂತು. ಅದೇ ಸೂಜಿಯಂಥ ಗೋಪುರಗಳು, ಅದೇ ಕಲ್ಲಿನ ಕಸೂತಿ. ಅರ್ಧ ಭಾಗಕ್ಕೆ ಅಟ್ಟಣಿಗೆ ಕಟ್ಟಿ ರಿಪೇರಿ ನಡೆಯುತ್ತಿತ್ತು. ಹಿಂದೆ ಒಬ್ಬ ಚಕ್ರವರ್ತಿಗೆ ಯಾರೋ ಚೂರಿ ಹಾಕಿದರಂತೆ, ಅವನು ಬದುಕಿ ಉಳಿದನಂತೆ, ಆ ಉಪಕಾರಕ್ಕೆ ಅವನ ತಮ್ಮ ಮುಂದೆ ನಿಂತು ಊರವರಿಂದ ಹಣ ಎತ್ತಿಸಿ ಈ ಚರ್ಚು ಕಟ್ಟಿಸಿದನಂತೆ. ಬಾಗಿಲ ಬಳಿಯ ಹಲಗೆಯಲ್ಲಿ ಅದನ್ನು ಓದಿ ಸುಧಾ ನಿಂತುಬಿಟ್ಟಳು. “ಹಾಗಾದ್ರೆ ಇದು ಹರಕೆ ಚರ್ಚು ಅನ್ನಿ” ಎಂದಳು. ಹರಕೆ ಎಂದ ಮೇಲೆ ಮುಗಿಯಿತು, ಅವಳು ನಮ್ಮಮ್ಮನ ಸೊಸೆ. ಮಗಳ ಕೈ ಹಿಡಿದುಕೊಂಡು ಒಳಗೆ ಹೋದಳು. ನಾನು ಹೊರಗೆ ಅಟ್ಟಣಿಗೆಯ ಸುತ್ತ ಪ್ರದಕ್ಷಿಣೆ ಹಾಕುತ್ತ, ಇಷ್ಟೆತ್ತರಕ್ಕೆ ಕೊಳವೆಗಳನ್ನು ಹೇಗೆ ಜೋಡಿಸಿದರೆಂದು ಲೆಕ್ಕ ಹಾಕುತ್ತಿದ್ದೆ. ಅವಳು ಹೊರಗೆ ಬಂದಾಗ ಕಣ್ಣು ಒದ್ದೆಯಾಗಿತ್ತು. ಏನು ಕೇಳಿಕೊಂಡೆ ಎಂದೆ.

“ಹರಕೆ ಬಾಯಿಬಿಟ್ಟು ಹೇಳಬಾರದು ರೀ.”

ಅಲ್ಲಿಂದ ಕಾಫಿ ಮನೆಗೆ ಹೋದೆವು. ವಿಯೆನ್ನಾದವರು ಕಾಫಿಗೆ ನಮ್ಮ ಮೈಸೂರಿನವರಷ್ಟೇ ಮರ್ಯಾದೆ ಕೊಡುತ್ತಾರೆ. ಬೆಳ್ಳಿ ಬಣ್ಣದ ತಟ್ಟೆಯಲ್ಲಿ ಕಾಫಿ, ಪಕ್ಕದಲ್ಲಿ ಒಂದು ಲೋಟ ನೀರು. ನೊರೆ ಕಂಡರೇ ಜೀವ ಬಂದ ಹಾಗಿತ್ತು. ಸುಧಾ ತನ್ನ ಬಟ್ಟಲನ್ನು ಮೂಗಿನವರೆಗೆ ತಂದು, ವಾಸನೆ ತೆಗೆದುಕೊಂಡು, ನನ್ನ ಕಡೆ ಸರಿಸಿದಳು. “ಯಾಕೋ ಅಸಿಡಿಟಿ. ನೀವೇ ಕುಡೀರಿ.” ಎರಡೂ ಬಟ್ಟಲು ಖಾಲಿ ಮಾಡಿದೆ. ಬಿಟ್ಟರೆ ದಂಡವಲ್ಲವೇ? ಆಮೇಲೆ ಆಸ್ಟಿನ್ನಿಗೆ ಮರಳಿದರೂ ಅವಳ ಅಸಿಡಿಟಿ ಹೋಗಲಿಲ್ಲ. ಡಾಕ್ಟರಿಗೆ ತೋರಿಸು ಎಂದು ಒಂದೆರಡು ಸಲ ಹೇಳಿ ನಾನೂ ಸುಮ್ಮನಾದೆ. ಬೆಳಿಗ್ಗೆ ಅವಳು ಬಿಸಿನೀರಿಗೆ ನಿಂಬೆ ಹಿಂಡಿಕೊಳ್ಳುವುದು, ನನಗೆ ಡಿಕಾಕ್ಷನ್ ಇಳಿಸಿ ಕಾಫಿ ಬೆರೆಸಿ ಕೊಡುವುದು ಎರಡೂ ಮನೆಯ ವಾಡಿಕೆಯಾಯಿತು.

ಹೀಗೆ ನಕ್ಷೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾಗ ಗರಾಜಿನ ಬಾಗಿಲು ತೆರೆದು ಅನಘ ಬಂದಳು. ಈಗ ಅವಳಿಗೆ ಹದಿನೇಳು ತುಂಬಿ ಹದಿನೆಂಟು, ಮುಂದಿನ ಬೇಸಿಗೆ ಕಳೆದರೆ ಕಾಲೇಜು. ಸುತ್ತ ಬಿದ್ದಿದ್ದ ಖಾಲಿ ಡಬ್ಬಗಳನ್ನೂ ನನ್ನನ್ನೂ ನೋಡಿದಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷು.

“ಅಪ್ಪಾ, ಆರ್ ವೀ ಮೂವಿಂಗ್ ಅಗೇನ್?”

“ಇಲ್ಲಮ್ಮ, ಸುಮ್ಮನೆ... ಡಲ್ಲಾಸ್‌ನಿಂದ ಒಂದು ಆಫರ್ ಬಂದಿದೆ. ನೀನು ಹೇಗೂ ಕಾಲೇಜಿಗೆ ಹೋಗ್ತೀಯ. ಅಮ್ಮಂಗೂ ಬದಲಾವಣೆ.”

ಅವಳು ನನ್ನನ್ನು ಒಂದು ಥರ ನೋಡಿದಳು. “ಯು ರಿಯಲಿ ಡೋಂಟ್ ನೋ, ಡೂ ಯು?”

“ಏನು?”

ಅನಘ ನಕ್ಷೆಯನ್ನು ತೆಗೆದುಕೊಂಡು ಜೋಡಿ ಗೋಪುರದ ಚರ್ಚಿನ ಸುತ್ತಿನ ಮೇಲೆ ಬೆರಳಿಟ್ಟಳು. ಅವತ್ತು ಸುಧಾ ಮೇಣದಬತ್ತಿ ಹಚ್ಚಿ, ಸುತ್ತಲಿರುವ ಯಾರಿಗೂ ಕನ್ನಡ ಬಾರದೆಂಬ ಧೈರ್ಯದಲ್ಲಿ ಹರಕೆಯನ್ನು ಗಟ್ಟಿಯಾಗಿಯೇ ಹೇಳಿಕೊಂಡಿದ್ದಳಂತೆ. ಪಕ್ಕದಲ್ಲಿ ನಿಂತ ಮಗಳು ಅವಳ ಲೆಕ್ಕಕ್ಕೆ ಬಂದಿರಲಿಲ್ಲ. ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳಿಗೆ ಕನ್ನಡ ಕಿವಿಗೂ ಬೀಳುವುದಿಲ್ಲವೆಂದು ನಾವೆಲ್ಲ ಅಂದುಕೊಂಡುಬಿಡುತ್ತೇವೆ. ಇಷ್ಟು ಹೇಳಿ ಅನಘ ತಾಯಿಯ ಮಾತನ್ನು ಕನ್ನಡದಲ್ಲೇ, ಒಂದಕ್ಷರ ಬಿಡದೆ ಒಪ್ಪಿಸಿದಳು.

“ತಾಯೀ, ಈ ಮನುಷ್ಯ ಒಂದೇ ಮನೇಲಿ ಮೂರು ಯುಗಾದಿ ಮಾಡೋವರೆಗೂ ನಾನು ಕಾಫಿ ಮುಟ್ಟಲ್ಲ. ನನಗೆ ಇನ್ನು ಓಡೋಕಾಗಲ್ಲ.”

ಮಗಳ ಬಾಯಲ್ಲಿ ಅಷ್ಟುದ್ದದ ಕನ್ನಡ ಕೇಳಿ ಎಷ್ಟೋ ಕಾಲವಾಗಿತ್ತು. ಕೇಳಿದ್ದು ಇದು. “ನನಗೆ ಯಾಕೆ ಹೇಳಲಿಲ್ಲ?” ಎಂದು ಅವಳನ್ನೇ ಗದರಿದೆ. ಮಗಳು ಕೇಳಿಸಿಕೊಂಡಳೆಂದು ಆಮೇಲೆ ಗೊತ್ತಾಗಿ ಅಮ್ಮ ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಳಂತೆ. “ಬಟ್ ದಿಸ್ ಈಸ್ ಟೂ ಮಚ್, ಅಪ್ಪಾ. ಜಸ್ಟ್ ಒನ್ ಮೋರ್ ಯುಗಾದಿ” ಎಂದು ನಕ್ಷೆ ಮಡಿಸಿ ನನ್ನ ಕೈಗಿಟ್ಟು ಒಳಗೆ ಹೋದಳು.

ಲೆಕ್ಕ ಹಾಕಿದೆ. ಹರಕೆ ಹೊತ್ತ ಮೇಲೆ ಆಸ್ಟಿನ್ನಿನ ಮನೆ ಬಿಡಿಸಿದ್ದೆ. ಕ್ಲಿಯರ್ ಲೇಕ್‌ನಲ್ಲಿ ಒಂದು ಯುಗಾದಿ ಆಗುವಷ್ಟರಲ್ಲಿ ಸ್ಟಾಫರ್ಡ್‌ಗೆ ಎಬ್ಬಿಸಿದ್ದೆ. ಅಲ್ಲಿಯೂ ಒಂದಾದ ಮೇಲೆ ಫುಲ್‌ಶೀರ್. ಪ್ರತಿ ಸಲವೂ ಅವಳ ಎಣಿಕೆ ಮೊದಲಿನಿಂದ ಶುರುವಾಗಿತ್ತು, ಅವಳು ತುಟಿ ಪಿಟಕ್ಕೆನ್ನದೆ ಪಾತ್ರೆಗಳಿಗೆ ಪೇಪರು ಸುತ್ತಿದ್ದಳು. ಈ ಮನೆಯಲ್ಲಿ ಎರಡು ಯುಗಾದಿ ಕಳೆದಿದ್ದವು. ಮೂರನೆಯದಕ್ಕೆ ಇನ್ನೂ ಎರಡೂವರೆ ತಿಂಗಳಿತ್ತು, ನಾನು ಟೇಪು ಹುಡುಕುತ್ತಿದ್ದೆ. ದಿನಾ ಬೆಳಿಗ್ಗೆ ಕಾಫಿಯ ವಾಸನೆಯನ್ನು ಮೂಗಿನ ಮುಂದೆ ಹಿಡಿದುಕೊಂಡು ಬಂದು ನನಗೆ ಕೊಟ್ಟವಳಿಗೆ, “ಇವತ್ತು ಸ್ವಲ್ಪ ತೆಳ್ಳಗಾಯ್ತು” ಎಂದು ನಾನು ತಪ್ಪು ಹೇಳುತ್ತಿದ್ದೆ. ನಾಚಿಕೆಯಿಂದ ಮೈ ಹಿಡಿಯಾಯಿತು.

ಮರುದಿನವೇ ಡಲ್ಲಾಸ್‌ನವರಿಗೆ ಬರುವುದಿಲ್ಲವೆಂದು ಬರೆದೆ. ಸಂಜೆ ಸುಧಾಳಿಗೆ, “ಒಂದು ಆಫರ್ ಬಂದಿತ್ತು, ಬೇಡ ಅಂದೆ. ಡಲ್ಲಾಸ್‌ನಲ್ಲಿ ಆಲಿಕಲ್ಲು ಮಳೆ ಜಾಸ್ತಿ” ಎಂದೆ. ಅವಳು ಸೌಟು ಕೆಳಗಿಟ್ಟು ಬಂದು ನನ್ನ ಹಣೆ ಮುಟ್ಟಿ ನೋಡಿದಳು.

ನಿಲ್ಲುವುದು ಅಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಅವಳ ಎದುರಿಗೆ ಕಾಫಿ ಕುಡಿಯಲು ಮನಸ್ಸು ಬರುವುದಿಲ್ಲ, ಬಿಟ್ಟರೆ ನನಗೆ ಗೊತ್ತಾಗಿದೆಯೆಂದು ಅವಳಿಗೆ ಗೊತ್ತಾಗುತ್ತದೆ. ಗೊತ್ತಾದರೆ ಹರಕೆ ಉಳಿಯುತ್ತದೋ ಇಲ್ಲವೋ, ಕೇಳುವುದಾದರೂ ಯಾರನ್ನು? ನುಂಗಿಕೊಂಡು ಕುಡಿದೆ. ಕುಳಿತಲ್ಲಿ ಕೂರಲಾರದೆ ಹಿತ್ತಿಲ ಬೇಲಿಗೆ ಎರಡು ಸಲ ಬಣ್ಣ ಹೊಡೆದೆ. ಬಾಡಿಗೆ ಮನೆಗಳ ವೆಬ್‌ಸೈಟುಗಳನ್ನು ಆಫೀಸಿನಲ್ಲಿ ಕದ್ದು ನೋಡಿದೆ, ಬೀದಿ ಬೀದಿಯ ಹೆಸರು ಓದಿ ಮುಚ್ಚಿಟ್ಟೆ.

ತಡೆಯಲಾರದೆ ಒಂದು ಭಾನುವಾರ ಸುಧಾಳನ್ನು ಆಸ್ಟಿನ್ ದಾರಿಯಲ್ಲಿ ಬಣ್ಣದ ಚರ್ಚು ನೋಡಲು ಕರೆದುಕೊಂಡು ಹೋದೆ. ಹ್ಯೂಸ್ಟನ್ ಮತ್ತು ಆಸ್ಟಿನ್ ನಡುವಿನ ಹಳ್ಳಿಗಳಲ್ಲಿ, ನೂರು ವರ್ಷಕ್ಕೂ ಹಿಂದೆ ವಿಯೆನ್ನಾದ ಆಚೀಚೆಯ ಸೀಮೆಯಿಂದ ಬಂದ ರೈತರು ಕಟ್ಟಿಕೊಂಡ ಚರ್ಚುಗಳಿವೆ. ಹೊರಗಿನಿಂದ ನೋಡಿದರೆ ಬಡಪಾಯಿ ಬಿಳಿ ಕಟ್ಟಡ. ಒಳಗೆ ಕಾಲಿಟ್ಟರೆ ಅಮೃತಶಿಲೆಯ ಕಂಬಗಳು, ನೀಲಿ ಆಕಾಶ, ಬಂಗಾರದ ನಕ್ಷತ್ರ, ಮೂಲೆ ಮೂಲೆಗೂ ಬಳ್ಳಿ. ಸುಧಾ ರೂಢಿಯಂತೆ ಕಂಬ ಮುಟ್ಟಿದಳು. “ರೀ, ಇದು ಮರ!” ಎಂದಳು. ಹೌದು, ಮರದ ಕಂಬಕ್ಕೆ ಗರಿಯಿಂದ ಗೆರೆ ಎಳೆದು ಅಮೃತಶಿಲೆ ಮಾಡಿದ್ದರು. ಊರಿನಿಂದ ಕಲ್ಲು ಹೊತ್ತು ತರಲಾಗದವರು ಕಲ್ಲಿನ ನೆನಪನ್ನು ಮರಕ್ಕೆ ಬಳಿದಿದ್ದರು.

ಅಲ್ಲಿ ಹೂದಾನಿಗೆ ನೀರು ಹಾಕುತ್ತಿದ್ದ ಮುದುಕಿಯೊಬ್ಬಳು ನಮ್ಮನ್ನು ಮಾತಾಡಿಸಿದಳು. ಎಲ್ಲಿಯವರು ಎಂದಳು. ಹ್ಯೂಸ್ಟನ್ ಎಂದೆ. ಅದಕ್ಕೂ ಮೊದಲು? ಆಸ್ಟಿನ್. ಅದಕ್ಕೂ ಮೊದಲು? ಡಲ್ಲಾಸ್. ಮುದುಕಿಗೆ ಗೊಂದಲವಾಯಿತು. ಸುಧಾ ನಕ್ಕು, “ಮೈಸೂರು” ಎಂದು ನನ್ನನ್ನು ಪಾರು ಮಾಡಿದಳು. ತನ್ನ ಜ್ಞಾನಸ್ನಾನ ಇಲ್ಲೇ ಆಯಿತು, ಮದುವೆಯೂ ಇಲ್ಲೇ ಎಂದು ಮುದುಕಿ ಹೇಳಿದಳು. ಆಮೇಲೆ ಕಿಟಕಿಯಿಂದ ಹಿಂದಿನ ಸ್ಮಶಾನ ತೋರಿಸಿ, ಅಗೋ ಅಲ್ಲಿ ನನ್ನ ಗಂಡ, ಪಕ್ಕದಲ್ಲಿ ನಾನು ಎಂದಳು. ಕಲ್ಲಿನ ಮೇಲೆ ಅವಳ ಹೆಸರು ಆಗಲೇ ಕೆತ್ತಿತ್ತು, ಒಂದು ತಾರೀಖು ಮಾತ್ರ ಬಾಕಿ. ನನಗೆ ಭಯವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಹಿಂತಿರುಗಿ ನೋಡಿದರೆ ಸುಧಾ ಮುಂದಿನ ಬೆಂಚಿನಲ್ಲಿ ಕುಳಿತು ಮಾಡು ನೋಡುತ್ತಿದ್ದಳು. ಹೋಗಿ ಪಕ್ಕದಲ್ಲಿ ಕುಳಿತೆ. ಮೊದಲ ಹತ್ತು ನಿಮಿಷ ಮೊಣಕಾಲು ತಾನಾಗಿ ಕುಣಿಯಿತು. ಅವಳು ಅದರ ಮೇಲೆ ಕೈ ಇಟ್ಟಳು. ಎಷ್ಟು ಹೊತ್ತು ಕುಳಿತೆವೋ ನಾನು ನೋಡಿಕೊಳ್ಳಲಿಲ್ಲ.

ಆ ವರ್ಷ ಯುಗಾದಿ ಶನಿವಾರ ಬಂತು. ಸ್ಟಾಫರ್ಡ್ ಅಂಗಡಿಯಿಂದ ತಂದ ಮಾವಿನೆಲೆಯ ತೋರಣವನ್ನು ಏಣಿ ಹತ್ತಿ ನಾನೇ ಕಟ್ಟಿದೆ. ಬೇವು ಬೆಲ್ಲವಾಯಿತು, ಹೋಳಿಗೆಯಾಯಿತು. ಊಟವಾದ ಮೇಲೆ ಇನ್ನು ತಡೆಯಲಾಗದೆ, “ಇವತ್ತು ಒಂದು ಲೋಟ ಕಾಫಿ ಕುಡೀತೀಯೇನೇ? ನಾನು ಮಾಡ್ತೀನಿ” ಎಂದುಬಿಟ್ಟೆ.

ಸುಧಾ ನನ್ನ ಮುಖ ನೋಡಿದಳು, ಆಮೇಲೆ ಮಗಳ ಮುಖ ನೋಡಿದಳು. ಅನಘ ತಟ್ಟೆಯೊಳಗೆ ತಲೆ ಹಾಕಿದಳು. ಸುಧಾಳಿಗೆ ಎಲ್ಲ ತಿಳಿಯಿತು.

“ನಾಳೆ ಕುಡೀತೀನಿ. ಯುಗಾದಿ ಇನ್ನೂ ಮುಗಿದಿಲ್ಲ. ನಿಮ್ಮನ್ನ ನಂಬೋಕಾಗಲ್ಲ.”

ಆ ದಿನ ನಾನು ಗೇಟಿನಾಚೆ ಕಾಲಿಡಲಿಲ್ಲ. ಕನ್ನಡ ಗೆಳೆಯರು ಹಬ್ಬದ ಕಾರ್ಯಕ್ರಮಕ್ಕೆ ಕರೆದರೂ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಅವಳಿಗಿಂತ ಮೊದಲು ಎದ್ದು, ಪುಡಿ ಹಾಕಿ, ಬಿಸಿನೀರು ಸುರಿದು, ಫಿಲ್ಟರಿನ ಮುಂದೆ ಕಾದೆ. ತೊಟ್ಟು ತೊಟ್ಟು ಇಳಿಯುವ ಡಿಕಾಕ್ಷನ್ ಮುಂದೆ ನಾನು ಹಿಂದೆಂದೂ ನಿಂತವನಲ್ಲ. ಹಾಲು ಬೆರೆಸಿ ತಂದು ಕೊಟ್ಟೆ. ಸುಧಾ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು. ಒಂದು ಗುಟುಕು ಕುಡಿದಳು, ಕಣ್ಣು ಮುಚ್ಚಿದಳು. ನನಗೆ ಅಳು ಬಂತು, ಮುಚ್ಚಿಡಲಿಲ್ಲ.

“ಆರು ವರ್ಷ ಕಣೇ. ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ನೀವು ನಿಲ್ತಿದ್ರಿ. ಅದು ಹೆದರಿಸಿ ನಿಲ್ಲಿಸಿದ ಹಾಗಾಗ್ತಿತ್ತು” ಎಂದಳು. ಇನ್ನೊಂದು ಗುಟುಕು ಕುಡಿದು, “ಹರಕೆ ಇದ್ದಿದ್ದು ಮೂರಕ್ಕಷ್ಟೇ. ಡಲ್ಲಾಸ್‌ನವರು ಇನ್ನೂ ಕರೆದ್ರೆ ಹೇಳಿ, ಹೋಗೋಣ. ಇನ್ನು ನಂಗೇನೂ ತೊಂದ್ರೆ ಇಲ್ಲ” ಎಂದಳು.

ಬಿಡುಗಡೆ ಸಿಕ್ಕಿತ್ತು. ಇನ್ನು ಯಾವ ಊರಿಗಾದರೂ ಹೋಗಬಹುದಿತ್ತು.

“ಅವಸರವೇನು, ಮೊದಲು ಕಾಫಿ ಕುಡಿ” ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಸುಧಾ ಖಾಲಿ ಲೋಟ ಚಾಚಿ, “ಇನ್ನೊಂಚೂರು ಹಾಕ್ಕೊಂಡು ಬನ್ನಿ” ಎಂದಳು. ಅಡುಗೆಮನೆಯವರೆಗೆ ಹೋಗಿ ಬಂದೆ. ಆ ದಿನ ಅದಕ್ಕಿಂತ ದೂರ ಎಲ್ಲಿಗೂ ಹೋಗಲಿಲ್ಲ.